‘ಕಟ್ಟಿಲ್ಲ’, ‘ಕಟ್ಟಲಾಗಲಿಲ್ಲ’, ‘ಕಟ್ಟಲಾಗದು’: ಬಿಲ್ಡ್ ಸ್ಥಿತಿಗಳಿಗೆ ಯಾವ ಪದ?

ಗೆಳೆಯರೇ,

ಒಂದು ಆಪರೇಟಿಂಗ್ ಸಿಸ್ಟಂನ ಪ್ಯಾಕೇಜುಗಳನ್ನು (ಬಿಡಿಬಿಡಿ ತಂತ್ರಾಂಶಗಳನ್ನು) ತಾನಾಗಿ ಬಿಲ್ಡ್ ಮಾಡುವ, ಅಂದರೆ ಸೋರ್ಸ್ ಕೋಡಿನಿಂದ ಬಳಕೆಗೆ ಸಿದ್ಧಮಾಡುವ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರ ಕೈಪಿಡಿಯನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಕಂಪೈಲರ್, ಸರ್ವರ್, ಲಾಗ್, ಪ್ಯಾಚ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಅವಕ್ಕೆ ಹೊಸ ಪದ ಹುಟ್ಟಿಸುವ ಹಟ ನನಗಿಲ್ಲ. ತೊಡಕಿರುವುದು ‘ಬಿಲ್ಡ್’ ಎಂಬ ಕ್ರಿಯಾಪದದಲ್ಲಿ. ಅದಕ್ಕಿಂತ ಹೆಚ್ಚಾಗಿ, ಬಿಲ್ಡ್ ಆಗದೆ ಹೋದಾಗ ಏನನ್ನಬೇಕು ಎಂಬುದರಲ್ಲಿ.

‘ನಿರ್ಮಾಣ’ ನನಗೆ ಹಿಡಿಸಲಿಲ್ಲ. ಸೇತುವೆಯ ನಿರ್ಮಾಣ ಒಮ್ಮೆ ಮುಗಿದರೆ ಮುಗಿಯಿತು. ಇಲ್ಲಿ ಹಾಗಲ್ಲ, ಒಂದು ಲೈಬ್ರರಿ ಬದಲಾದರೆ ಅದನ್ನು ನೆಚ್ಚಿಕೊಂಡ ನೂರಾರು ಪ್ಯಾಕೇಜುಗಳನ್ನು, ಅವುಗಳ ಸೋರ್ಸಿನಲ್ಲಿ ಒಂದು ಸಾಲೂ ತಿದ್ದದೆ, ಮತ್ತೆ ಕಟ್ಟಬೇಕು. ‘ಕಟ್ಟು’ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಸೋರ್ಸನ್ನು ಕಂಪೈಲ್ ಮಾಡುವುದಷ್ಟೇ ಬಿಲ್ಡ್ ಅಲ್ಲ. ಹುಟ್ಟಿದ ಕಡತಗಳನ್ನು ಒಂದು ಗಂಟಾಗಿ ಬಿಗಿಯುವುದೂ ಅದರ ಪಾಲೇ. ಮನೆ ಕಟ್ಟುವ ‘ಕಟ್ಟು’, ಮೂಟೆ ಕಟ್ಟುವ ‘ಕಟ್ಟು’ ಎರಡೂ ಒಂದೇ ಮಾತಿನಲ್ಲಿ ಬಂದುಬಿಡುತ್ತವೆ. ಇಂಗ್ಲಿಷಿನ ಪದಕ್ಕೆ ಈ ಭಾಗ್ಯವಿಲ್ಲ.

ಆದರೆ ‘ಕಟ್ಟಿದೆ’ ಎಂದು ಬರೆದು ನೋಡಿ. ಪ್ರತಿ ಪ್ಯಾಕೇಜಿನ ಸ್ಥಿತಿ ತೋರಿಸುವ ಸ್ಥಿತಿಪುಟದ ಕರಡಿನಲ್ಲಿ ಹಸಿರು ಬಣ್ಣದಲ್ಲಿ ‘ಕಟ್ಟಿದೆ’ ಎಂದು ಹಾಕಿದ್ದೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ನೋಡಿ, “ಎಲ್ಲಿ ಕಟ್ಟಿಕೊಂಡಿದೆ, ಕ್ಯೂನಲ್ಲಾ?” ಎಂದರು. ಮೂಗು ಕಟ್ಟಿದೆ, ಚರಂಡಿ ಕಟ್ಟಿದೆ ಎನ್ನುವ ಕಿವಿಗೆ ಅದು ಹಾಗೇ ಕೇಳಿಸಬೇಕು, ತಪ್ಪು ಅವರದಲ್ಲ. ‘ಕಟ್ಟಲಾಗಿದೆ’ ಎಂದರೆ ಸುತ್ತೋಲೆಯ ವಾಸನೆ. ಸದ್ಯಕ್ಕೆ ‘ಕಟ್ಟಿ ಆಯ್ತು’ ಎಂದಿಟ್ಟಿದ್ದೇನೆ.

ಈಗ ಮುಖ್ಯ ಪ್ರಶ್ನೆ. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಯಾವ ಪ್ಯಾಕೇಜು ಯಾವ ಹಂತದಲ್ಲಿದೆ ಎಂದು ಲೆಕ್ಕ ಇಡುವ ವನ್ನಾ-ಬಿಲ್ಡ್ ಎಂಬ ಸಲಕರಣೆ ಇದೆ. ಬಿಲ್ಡ್ ಆಗದಿರುವುದನ್ನು ಅದು ಒಂದೇ ‘ಫೇಲ್’ ಎಂಬ ಚೀಲಕ್ಕೆ ತುಂಬುವುದಿಲ್ಲ. ಇನ್ನೂ ಸರದಿಯಲ್ಲಿದ್ದರೆ ‘ನೀಡ್ಸ್-ಬಿಲ್ಡ್’. ಯಂತ್ರ ಪ್ರಯತ್ನಿಸಿ ಸೋತಿದ್ದರೆ ‘ಬಿಲ್ಡ್-ಅಟೆಂಪ್ಟೆಡ್’. ಒಬ್ಬ ಮನುಷ್ಯ ಲಾಗ್ ಓದಿ, ಇದು ಮತ್ತೆ ಓಡಿಸಿದರೆ ಸರಿಹೋಗುವಂಥದ್ದಲ್ಲ ಎಂದು ತೀರ್ಮಾನಿಸಿದರೆ ಮಾತ್ರ ‘ಫೇಲ್ಡ್’. ಆ ಬಗೆಯ ಪ್ರೊಸೆಸರಿಗೆ ಪ್ಯಾಕೇಜೇ ಬೇಡವಾದರೆ ‘ನಾಟ್-ಫಾರ್-ಅಸ್’. ಮೇನ್‌ಫ್ರೇಮಿನಲ್ಲಿ ಪಿಸಿಯ ಬಯೋಸ್ ಓದುವ ಸಲಕರಣೆಗೆ ಏನು ಕೆಲಸ?

ಎಲ್ಲಕ್ಕೂ ‘ವಿಫಲ’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ‘ಇಲ್ಲ’ ಎನ್ನುವುದಕ್ಕೆ ಕನ್ನಡದಲ್ಲಿ ಎಷ್ಟೊಂದು ದಾರಿಗಳಿವೆ! ಕಟ್ಟಿಲ್ಲ, ಕಟ್ಟಲಾಗಲಿಲ್ಲ, ಕಟ್ಟಲಾಗದು, ಕಟ್ಟಬೇಕಿಲ್ಲ. ಮೇಲಿನ ನಾಲ್ಕು ಸ್ಥಿತಿಗಳ ಪಕ್ಕ ಇವನ್ನು ಇದೇ ಸಾಲಿನಲ್ಲಿ ಇಟ್ಟು ನೋಡಿ. ಹೊಸ ಪದ ಒಂದೂ ಬೇಕಾಗಲಿಲ್ಲ, ವ್ಯಾಕರಣವೇ ಕೆಲಸ ಮುಗಿಸಿತು.

ಈ ವ್ಯತ್ಯಾಸ ಕೂದಲು ಸೀಳುವುದಲ್ಲ ಎನ್ನಲು ಒಂದು ನಿದರ್ಶನ. ಒಂದು ಪುಟ್ಟ ಪ್ಯಾಕೇಜು ಎಎಂಡಿ64 ಬಗೆಯ ಪ್ರೊಸೆಸರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕಟ್ಟಿ ಮುಗಿಯಿತು. ಎಆರ್‌ಎಂ64 ಎಂಬ ಇನ್ನೊಂದು ಬಗೆಯಲ್ಲಿ ಪರೀಕ್ಷೆಯ ಹಂತಕ್ಕೆ ಬಂದು ಗಪ್‌ಚುಪ್. 150 ನಿಮಿಷ ಲಾಗಿನಲ್ಲಿ ಒಂದಕ್ಷರವೂ ಮೂಡದಿದ್ದುದರಿಂದ ವ್ಯವಸ್ಥೆ ಅದನ್ನು ಕೊಂದಿತು. (ಇಂಗ್ಲಿಷ್ ಲಾಗಿನಲ್ಲೂ ‘ಕಿಲ್ಡ್’ ಎಂದೇ ಇರುತ್ತದೆ. ‘ಸ್ಥಗಿತಗೊಳಿಸಲಾಯಿತು’ ಎಂದು ಮೆತ್ತಗೆ ಮಾಡುವುದು ನನಗೆ ಬೇಡ.) ನೆಟ್‌ವರ್ಕಿನ ತೊಂದರೆ ಇರಬಹುದೆಂದು ಮತ್ತೆ ಸಾಲಿಗೆ ಹಾಕಿದೆ. ಮತ್ತೆ 150 ನಿಮಿಷ, ಮತ್ತೆ ಕೊಲೆ. ಆಮೇಲೆ ಸೋರ್ಸು ತೆಗೆದು ನೋಡಿದರೆ, ಕಡತದಿಂದ ಓದಿದ ಬೈಟನ್ನು ‘ಚಾರ್’ ಎಂಬ ಒಂದು ಬೈಟಿನ ಜಾಗದಲ್ಲಿ ಇಟ್ಟುಕೊಂಡು, ಅದು ಕಡತ ಮುಗಿಯಿತೆಂಬ ಗುರುತಾದ -1 ಆಗುವವರೆಗೆ ಸುತ್ತುವ ಲೂಪು. ಲಿನಕ್ಸಿನಲ್ಲಿ ಎಎಂಡಿ64ರ ‘ಚಾರ್’ಗೆ ಋಣಸಂಖ್ಯೆ ಗೊತ್ತು, ಎಆರ್‌ಎಂನ ‘ಚಾರ್’ಗೆ ಗೊತ್ತಿಲ್ಲ. ಅಲ್ಲಿ -1 ಎಂಬುದು 255 ಆಗುತ್ತದೆ, ಲೂಪು ಮುಗಿಯುವುದೇ ಇಲ್ಲ. ಮೊದಲ ಸಲ ಅದು ‘ಕಟ್ಟಲಾಗಲಿಲ್ಲ’. ಲೂಪು ಕಂಡ ಮೇಲೆ, ಪ್ಯಾಚ್ ಬರುವವರೆಗೆ, ‘ಕಟ್ಟಲಾಗದು’. ನಡುವೆ ನಾನು ವ್ಯರ್ಥ ಮಾಡಿದ ಯಂತ್ರದ ಸಮಯವೇ ಆ ಎರಡು ಪದಗಳ ಅಂತರ.

ಮತ್ತೆ ಸರದಿಗೆ ಕಳಿಸುವ ಈ ಕೆಲಸಕ್ಕೆ ಡೆಬಿಯನ್ನಿನಲ್ಲಿ ‘ಗಿವ್-ಬ್ಯಾಕ್’ ಎನ್ನುತ್ತಾರೆ. ‘ಹಿಂದಿರುಗಿಸು’ ಎಂದರೆ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ‘ಮತ್ತೆ ಸಾಲಿಗೆ ಹಾಕು’ ಸಾಕು.

ಇನ್ನೊಂದು, ‘ಡಿಪೆಂಡೆನ್ಸಿ’, ಅಂದರೆ ಒಂದು ಪ್ಯಾಕೇಜು ಇನ್ನೊಂದನ್ನು ನೆಚ್ಚಿಕೊಂಡಿರುವುದು. ‘ಅವಲಂಬನೆ’ ಬಳಕೆಯಲ್ಲಿದೆ, ತಪ್ಪೇನಿಲ್ಲ. ನನಗೆ ‘ಹಂಗು’ ಇಷ್ಟ. ಕಟ್ಟುವಾಗಿನ ಹಂಗು ಬೇರೆ, ಓಡುವಾಗಿನ ಹಂಗು ಬೇರೆ. ಚಿಕ್ಕ ಪದವಾದ್ದರಿಂದ ಇಂಥ ಜೋಡಣೆ ಸಲೀಸು. ಬೇಕಾದ ಇನ್ನೊಂದು ಪ್ಯಾಕೇಜಿಗಾಗಿ ಕಾಯುವ ‘ಡೆಪ್-ವೇಟ್’ ಸ್ಥಿತಿಗೆ ‘ಹಂಗಿಗೆ ಕಾದಿದೆ’ ಎನ್ನಬಹುದು. ಆ ಪ್ಯಾಕೇಜು ಬಂದೊಡನೆ ಇದು ತಾನಾಗಿ ಸರದಿಗೆ ಮರಳುತ್ತದೆ, ಯಾರೂ ಕೈಹಾಕಬೇಕಿಲ್ಲ. ಆದರೆ ‘ಹಂಗು’ ಎಂದಾಗ ಕೀಳರಿಮೆಯ ಛಾಯೆಯೊಂದು ಇಣುಕುತ್ತದೆ, ‘ಯಾರ ಹಂಗೂ ಬೇಡ’ ಎನ್ನುವಾಗಿನ ಬಿಗುಮಾನದ ಇನ್ನೊಂದು ಮುಖ. ತಾಂತ್ರಿಕ ಬರಹದಲ್ಲಿ ಆ ಛಾಯೆ ಮಾಸಿಹೋದೀತೆ, ಅಥವಾ ಓದುಗರಿಗೆ ಅಡ್ಡ ಬಂದೀತೆ?

ಮತ್ತೆ ಮೊದಲ ನಾಲ್ಕಕ್ಕೆ ಬರುತ್ತೇನೆ, ಅಲ್ಲೂ ಒಂದು ಎಡವಟ್ಟಿದೆ. ಸ್ಥಿತಿಪುಟವನ್ನು ಯಾರೂ ಕೂತು ಓದುವುದಿಲ್ಲ, ಸಾವಿರಾರು ಸಾಲುಗಳ ಮೇಲೆ ಕಣ್ಣು ಜಾರಿಸುತ್ತಾರೆ. ಇಂಗ್ಲಿಷಿನಲ್ಲಿ ಮೊದಲ ಪದವೇ ಬೇರೆಬೇರೆ. ನಮ್ಮಲ್ಲಿ ನಾಲ್ಕೂ ‘ಕಟ್ಟ’ ಅಥವಾ ‘ಕಟ್ಟಿ’ಯಿಂದ ಶುರುವಾಗಿ ಬಾಲದಲ್ಲಿ ಮಾತ್ರ ಬೇರೆಯಾಗುತ್ತವೆ. ಅದರಲ್ಲೂ ‘ಕಟ್ಟಲಾಗಲಿಲ್ಲ’, ‘ಕಟ್ಟಲಾಗದು’ ಪರದೆಯ ಮೇಲೆ ಅವಳಿಗಳಂತೆ ಕಾಣುತ್ತವೆ. ‘ಕಟ್ಟಲಾಗದು’ ಬದಲು ‘ಕೈಬಿಟ್ಟಿದೆ’ ಎಂದರೆ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ, ಮನುಷ್ಯ ತೀರ್ಮಾನಿಸಿದ್ದು ಎಂಬುದೂ ಅದರಲ್ಲಿದೆ. ಆದರೆ ಪ್ಯಾಕೇಜನ್ನೇ ಸಿಸ್ಟಂನಿಂದ ತೆಗೆದುಹಾಕಿದರು ಎಂದು ಯಾರಾದರೂ ಓದಿಕೊಂಡಾರೆಂಬ ಅಳುಕು. ನೀವಾದರೆ ಇಲ್ಲಿ ಏನು ಬರೆಯುತ್ತೀರಿ?