ಮಗ ಕೇಳಿದ ಲೋಟದ ಪ್ರಶ್ನೆ, ತಿಳಿದವರು ದಯವಿಟ್ಟು ಹೇಳಿ

ಚಿಂತಾಮಣಿ ಸೊಸೆ (ನ್ಯೂಜೆರ್ಸಿ):
ಎಲ್ಲರಿಗೂ ನಮಸ್ಕಾರ. ಮಗ ಐದನೇ ಕ್ಲಾಸು. ಸ್ಕೂಲ್ ಬಸ್ಸಲ್ಲಿ ಇಬ್ಬರು ಹುಡುಗರು ಮೂರು ವಾರದಿಂದ ಅವನ ಮೈಬಣ್ಣ ಹಿಡಿದು ಆಡಿಕೊಳ್ತಿದ್ದಾರೆ, 'ನಿನ್ನ ದೇಶಕ್ಕೆ ಹೋಗು' ಅಂತಾರೆ. ಇದರ ಮಧ್ಯೆ ಕ್ಲಾಸಲ್ಲಿ ಕಪ್ಪು ಜನರಿಗೆ ಬೇರೆ ನಲ್ಲಿ ಇಟ್ಟಿದ್ದ ಕಾಲದ ಪಾಠ ಆಯ್ತು. ಮನೆಗೆ ಬಂದವನೇ, "ಅಜ್ಜಿ ಮನೆ ಕೊಟ್ಟಿಗೆ ಗೂಡಲ್ಲಿ ಬೋರಲು ಹಾಕಿದ ಲೋಟ ಇದೆಯಲ್ಲ, ಅದೂ ಇದೇನಾ?" ಅಂದ. ಅದು ದಲಿತ ಕೆಲಸದವರಿಗೆ ಅಂತಲೇ ಬೇರೆ ಇಟ್ಟಿರೋ ಲೋಟ. ಜೂನ್‌ನಲ್ಲಿ ಊರಿಗೆ ಹೋಗ್ತೀವಿ. ಸ್ಕೂಲಿಗೆ ಏನು ಬರೀಲಿ, ಅವನಿಗೆ ಏನು ಹೇಳ್ಲಿ?

ಮಧುಗಿರಿ–ಎಡಿಸನ್:
ಮೊದಲು ಸ್ಕೂಲಿನ ವಿಷಯ. ಫೋನ್ ಮಾಡಿ ಸುಮ್ಮನಾಗಬೇಡಿ, ಫೋನಿಗೆ ದಾಖಲೆ ಇರಲ್ಲ. ಪ್ರಿನ್ಸಿಪಾಲರಿಗೂ ಶಾಲೆಯ ಆಂಟಿ-ಬುಲ್ಲಿಯಿಂಗ್ ಸ್ಪೆಷಲಿಸ್ಟ್‌ಗೂ (ಮಕ್ಕಳ ಕಿರುಕುಳದ ದೂರು ನೋಡೋರು) ಒಂದೇ ಇಮೇಲ್ ಹಾಕಿ. ದಿನಾಂಕ, ಬಸ್ ನಂಬರು, ಯಾರು ಕೇಳಿಸಿಕೊಂಡರು, ಆ ಹುಡುಗರು ಆಡಿದ ಮಾತು ಇದ್ದದ್ದು ಇದ್ದಹಾಗೆ. ಎಚ್‌ಐಬಿ 338 ಅನ್ನೋ ಫಾರಂ ಇದೆ (ಎಚ್‌ಐಬಿ ಅಂದರೆ ಕಿರುಕುಳ, ಬೆದರಿಕೆ, ಬುಲ್ಲಿಯಿಂಗ್), ಪೋಷಕರೇ ತುಂಬಬಹುದು. ನಮ್ಮವರು ಎಡವೋದು ಒಂದೇ ಕಡೆ: 'ಮಗನಿಗೆ ತೊಂದರೆ ಕೊಡ್ತಾರೆ' ಅಂತ ಬರೀತಾರೆ, ಶಾಲೆ ಅದನ್ನ ಮಕ್ಕಳ ಜಗಳ ಅಂತ ಮುಚ್ಚಿಹಾಕುತ್ತೆ. ನ್ಯೂಜೆರ್ಸಿ ಕಾನೂನಲ್ಲಿ ಬುಲ್ಲಿಯಿಂಗ್ ಅನ್ನಿಸಿಕೊಳ್ಳೋಕೆ ಅದು ಬಣ್ಣ, ಮೂಲದೇಶದಂಥ ಗುರುತಿನ ಮೇಲೆ ನಡೆದಿರಬೇಕು. ಆದ್ದರಿಂದ 'ಬಣ್ಣ', 'ಮೂಲದೇಶ' ಈ ಎರಡು ಪದ ಪತ್ರದಲ್ಲಿ ಇರಲೇಬೇಕು. ಬಸ್ಸೂ ಅದೇ ಕಾನೂನಿನೊಳಗೆ ಬರುತ್ತೆ. ಲಿಖಿತ ದೂರು ಕೊಟ್ಟಮೇಲೆ 10 ಶಾಲಾ ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಆ ಹುಡುಗರಿಗೆ ಏನು ಶಿಕ್ಷೆ ಕೊಟ್ಟರು ಅನ್ನೋದನ್ನ ನಿಮಗೆ ಹೇಳಲ್ಲ, ಅದಕ್ಕೆ ಜಗಳಕ್ಕೆ ಹೋಗಬೇಡಿ. ನಿಮ್ಮ ಮಗನ ಸೀಟು ಎಲ್ಲಿ, ಬಸ್ಸಲ್ಲಿ ಯಾರು ನೋಡ್ಕೋತಾರೆ, ಅಷ್ಟನ್ನ ಬರಹದಲ್ಲಿ ಕೇಳಿ. ಆ ಹುಡುಗರ ಅಪ್ಪ ಅಮ್ಮನಿಗೆ ವಾಟ್ಸಾಪ್ ಮಾಡೋದು ಮಾತ್ರ ಬೇಡವೇ ಬೇಡ.

ತುಮಕೂರು ಬಿ.ಎಚ್. ರಸ್ತೆ:
ಅಕ್ಕ, ಸ್ಕೂಲಿನ ಮಾತು ಹಾಗಿರಲಿ. ಅಮೆರಿಕದ ವರ್ಣಭೇದವನ್ನೂ ನಮ್ಮೂರ ಜಾತಿಯನ್ನೂ ಒಂದೇ ತಕ್ಕಡೀಲಿ ಹಾಕೋದೇ ದೊಡ್ಡ ತಪ್ಪು. ಅಲ್ಲಿ ಬೇರೆ ನಲ್ಲಿ ಇಟ್ಟಿದ್ದು ಸರ್ಕಾರ, ಕಾನೂನು ಮಾಡಿ ಇಟ್ಟಿದ್ದು. ನಮ್ಮ ಸಂವಿಧಾನ 1950ರಲ್ಲೇ 17ನೇ ವಿಧಿಯಲ್ಲಿ ಅಸ್ಪೃಶ್ಯತೆ ರದ್ದು ಮಾಡಿತು, ಅವರ ಸಿವಿಲ್ ರೈಟ್ಸ್ ಕಾಯ್ದೆ ಬಂದದ್ದು 1964ಕ್ಕೆ. ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಲ್ಲಿ ಕೂತು ಉಣ್ಣೋ ಜಿಲ್ಲೆ ನಮ್ಮದು. ಅಮೆರಿಕದಲ್ಲಿ ಹುಟ್ಟಿದ ಮಗುವಿನ ತಲೆಗೆ ಜಾತಿ ತುಂಬೋದು ನಾವೇ. ಸಿಯಾಟಲ್‌ನವರು 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿ ಕಾನೂನು ಮಾಡಿದರು, ಕ್ಯಾಲಿಫೋರ್ನಿಯಾ ಗವರ್ನರ್ ಅದೇ ವರ್ಷ ಅಂಥ ಮಸೂದೆ ವಾಪಸ್ ಕಳಿಸಿದರು. ಅದರಲ್ಲೇ ಅರ್ಥ ಮಾಡ್ಕೊಳ್ಳಿ.

ಮಾಲೂರು–ಡಲ್ಲಾಸ್:
ಗವರ್ನರ್ ಜಾತಿ ಇಲ್ಲ ಅಂದಿಲ್ಲ ಸಾರ್. ಇರೋ ಕಾನೂನಲ್ಲೇ ಅದು ಅಡಕವಾಗಿದೆ, ಹೊಸದು ಬೇಡ ಅಂದರು. ಪೂರ್ತಿ ಹೇಳಿ. 17ನೇ ವಿಧಿ ಇದ್ದೂ 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದರು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟರು. ಅದು ಈ ಅಕ್ಕನ ಚಿಂತಾಮಣಿ ತಾಲ್ಲೂಕೇ. ಸಿದ್ಧಗಂಗೆಯ ಹೆಸರು ಹೇಳಿ ಇದನ್ನ ಮರೆಸೋಕಾಗಲ್ಲ.

ತುಮಕೂರು ಬಿ.ಎಚ್. ರಸ್ತೆ:
ಎಲ್ಲೋ ಎರಡು ಘಟನೆ ಹಿಡಿದು ಇಡೀ ಸೀಮೆಗೆ ಮಸಿ ಬಳೀಬೇಡಿ. ಇದನ್ನೇ ಅಮೆರಿಕದವರು ಓದಿ ನಾಳೆ ನಮ್ಮ ಮಕ್ಕಳ ಮೇಲೆ ಬೊಟ್ಟು ಮಾಡ್ತಾರೆ.

ಗೌರಿಬಿದನೂರು ಮೇಡಂ:
ಮಕ್ಕಳಿಗೆ ಮೊದಲು ಕನ್ನಡ ಕಲಿಸಿ, ಭಾನುವಾರದ ಕ್ಲಾಸಿಗೆ ಸೇರಿಸಿ. ಬೇರು ಗಟ್ಟಿಯಿದ್ದರೆ ಯಾರು ಏನಂದರೂ ಮಗು ಅಲುಗಲ್ಲ.

ಮುಳಬಾಗಿಲು–ಲೀಡ್ಸ್:
ಕನ್ನಡ ಕ್ಲಾಸಿನ ಮಾತು ಬಂತಲ್ಲ, ಅಲ್ಲಿ ಸೇರಿಸೋ ಫಾರಂನಲ್ಲಿ ಮನೆದೇವರು, ಗೋತ್ರ ಅನ್ನೋ ಕಾಲಂ ಇದ್ದರೆ ತೆಗೆಸಿ. ಬಣ್ಣ ಕಣ್ಣಿಗೆ ಕಾಣುತ್ತೆ. ಜಾತಿಯನ್ನ ಕೇಳಿ ತೆಗೀಬೇಕು. ಯಾವೂರು, ಯಾರ ಪೈಕಿ, ಮಾಂಸ ತಿಂತೀರಾ. ಮೂರನೇ ಪ್ರಶ್ನೆಗೆ ಲೆಕ್ಕ ಸಿಕ್ಕಿರುತ್ತೆ. ಎರಡೂ ಒಂದೇ ಅಲ್ಲ, ಅಷ್ಟು ಒಪ್ತೀನಿ. ಆದರೆ ಹೋಲಿಕೆ ನಿನ್ನೆ ಮೊನ್ನೆಯದಲ್ಲ. ಜೋತಿಬಾ ಫುಲೆ 1873ರಲ್ಲೇ ತಮ್ಮ ಪುಸ್ತಕವನ್ನ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಕಪ್ಪು ಅಮೆರಿಕನ್ನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ 1946ರಲ್ಲಿ ಅಂಬೇಡ್ಕರ್ ಅಲ್ಲಿನ ಕಪ್ಪು ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದರು. ಅವರು ಹೋಲಿಸಿದ್ದು ಒಬ್ಬರಿಂದೊಬ್ಬರು ಕಲಿಯೋಕೆ. ನಾವು ಇಲ್ಲಿ ಹೋಲಿಸೋದು ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚೋಕೆ. ತಾಯಿ, ನಿಮ್ಮ ಹುಡುಗ ಬಸ್ಸಲ್ಲಿ ಅನ್ನಿಸಿಕೊಳ್ಳೋನು, ಕೊಟ್ಟಿಗೆ ಹತ್ತಿರ ಲೋಟ ಬೇರೆ ಇಟ್ಟ ಮನೆಯೋನು. ಹತ್ತು ವರ್ಷದ ಮಗುವಿಗೆ ಇವೆರಡೂ ಅರ್ಥ ಆಗುತ್ತೆ. 'ಹೌದು, ಅದೂ ತಪ್ಪೇ, ಮಾಡಿದ್ದು ನಮ್ಮ ಮನೆಯವರು' ಅಂತ ಹೇಳಿ. ಅಜ್ಜಿ ಕೆಟ್ಟವರು ಅಂತಲ್ಲ, ಆದರೆ 'ಹಳೇ ಕಾಲದ ಪದ್ಧತಿ' ಅಂತ ತೇಲಿಸಬೇಡಿ.

ಬಂಗಾರಪೇಟೆ ರೈಲು:
ಲೋಟದ ವಿಷಯ ನಾನು ಹೇಳ್ತೀನಿ. ಮೇ ತಿಂಗಳಲ್ಲೇ ಅಜ್ಜಿಗೆ ಫೋನ್ ಮಾಡಿ ಒಪ್ಪಿಸಿ. ಊರಿಗೆ ಹೋದ ದಿನ, ಕೆಲಸದವರು ಎದುರಿಗಿರುವಾಗ ಈ ಮಾತು ತೆಗೀಬೇಡಿ. ನಾಚಿಕೆ ಪಡೋದು ಅವರು, ಅಜ್ಜಿ ಅಲ್ಲ. ಒಂದೇ ತರದ ಸ್ಟೀಲ್ ಲೋಟ ಒಂದು ಡಜನ್ ತಗೊಳ್ಳಿ, ಯಾವುದಕ್ಕೂ ಹೆಸರು, ಗುರುತು ಹಾಕಿಸಬೇಡಿ, ಗೂಡಿನ ಲೋಟ ಎತ್ತಿಬಿಡಿ. ಕಾಫಿ ಎಲ್ಲರಿಗೂ ಒಂದೇ ಹೊತ್ತಿಗೆ, ಜಗಲಿ ಮೇಲೆ. ನೀರು ಮೇಲಿಂದ ಎತ್ತಿ ಹುಯ್ಯಬಾರದು, ಕೈಗೆ ಕೊಡಬೇಕು. ಕುಡಿದ ಲೋಟ ಅವರೇ ತೊಳೆದು ಬೋರಲು ಹಾಕೋಕೆ ಹೋಗ್ತಾರೆ, ಅಭ್ಯಾಸ ಅದು. ಮಗನ ಕೈಲಿ ಇಸ್ಕೊಂಡು ಎಲ್ಲ ಲೋಟಗಳ ಜೊತೆ ಒಳಗೆ ಹಾಕಿಸಿ. ಈಗ ಸುಮಾರು ಮನೆಗಳಲ್ಲಿ ಪೇಪರ್ ಕಪ್ ಬಂದಿದೆ. ನೆಂಟರಿಗೆ ಸ್ಟೀಲು, ಆಳುಗಳಿಗೆ ಪೇಪರ್. ನೋಡೋಕೆ ಸ್ವಚ್ಛತೆ, ಮಾಡೋದು ಅದೇ ಗೂಡಿನ ಲೋಟದ ಕೆಲಸ. ಹೋಟೆಲಲ್ಲಿ ಲೋಟ ಬೇರೆ ಮಾಡಿದರೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಪ್ರಕಾರ ಜೈಲು ಇದೆ. ಮನೆಯೊಳಗಿನ ಬದಲಾವಣೆ ನೀವೇ ಮಾಡಬೇಕು.

ತುಮಕೂರು ಬಿ.ಎಚ್. ರಸ್ತೆ:
ವಯಸ್ಸಾದವರ ಮನಸ್ಸು ನೋಯಿಸಿ ಸಾಧಿಸೋದೇನು? ನಮ್ಮ ಸಂಸ್ಕೃತಿಯ ಮೇಲೆ ಮಗುವಿಗೆ ಅಭಿಮಾನ ಬೆಳೆಸಿ ಮೊದಲು.

ಮಾಲೂರು–ಡಲ್ಲಾಸ್:
ಕೊಟ್ಟಿಗೆ ಪಕ್ಕ ನಿಂತು ನೀರು ಕುಡಿಯೋ ವಯಸ್ಸಾದವರಿಗೂ ಮನಸ್ಸಿದೆ ಸಾರ್.

ಚಿಂತಾಮಣಿ ಸೊಸೆ:
ಅಜ್ಜಿ ಹತ್ತಿರ ನಾನೇ ಮಾತಾಡ್ತೀನಿ. ಬಸ್ಸಿಂದು ಇನ್ನೊಂದು ಕೇಳ್ಬೇಕಿತ್ತು. ಆ ಹುಡುಗರು ನಾವು ಹಾಗಂದೇ ಇಲ್ಲ ಅಂದುಬಿಟ್ಟರೆ?

ಮಧುಗಿರಿ–ಎಡಿಸನ್:
ಬಸ್ಸಲ್ಲಿ ಕ್ಯಾಮೆರಾ ಇದೆಯಾ ಕೇಳಿ. ಇದ್ದರೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಅಳಿಸಿಹೋಗುತ್ತೆ. ದಿನಾಂಕ, ಬಸ್ ನಂಬರು, ಬೆಳಗಿನದೋ ಸಂಜೆಯದೋ ಬರೆದು, 'ಈ ದೃಶ್ಯ ಉಳಿಸಿಡಿ' ಅಂತ ಇವತ್ತೇ ಮೇಲ್ ಹಾಕಿ. ಈ ಚರ್ಚೆ ಮುಗಿಯೋವರೆಗೆ ಕಾಯಬೇಡಿ.