ಕೈ ಮಿಲ್ಲಿಂಗ್ ಮಷಿನ್ ಸಿಎನ್‌ಸಿ ಮಾಡೋ ಮುಂಚೆ ಪ್ಲೇ ಎಷ್ಟಿದೆ ನೋಡಿ

ಬೆಂಚ್ ಮೇಲೆ ಎಕ್ಸ್2 ಮಾದರಿಯ ಮಿಲ್ಲಿಂಗ್ ಮಷಿನ್ (ತಿರುಗುವ ಕಟರ್‌ನಿಂದ ಲೋಹ ಕೊರೆಯುವುದು) ಇದೆ, ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವಂತೆ, ಮಾಡಬೇಕು, ಯಾವ ಮೋಟಾರ್ ತಗೊಳ್ಳಲಿ ಅಂತ ಕೇಳಿದ್ದೀರಿ. ಅದೇ ಮಾದರಿಗೆ ನಾನೂ ಮಾಡಿದ್ದೇನೆ. ಮೋಟಾರ್ ಆಮೇಲೆ, ಮೊದಲು ಒಂದು ಡಯಲ್ ಗೇಜ್ (ಸಣ್ಣ ಚಲನೆಯನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ತನ್ನಿ ಸರ್.

ಗೇಜನ್ನು ಟೇಬಲ್‌ಗೆ ತಾಗಿಸಿ. ಹ್ಯಾಂಡಲ್ ಒಂದು ಕಡೆ ತಿರುಗಿಸಿ ನಿಲ್ಲಿಸಿ, ಈಗ ಹಿಂದಕ್ಕೆ ತಿರುಗಿಸಿ. ಹ್ಯಾಂಡಲ್ ತಿರುಗುತ್ತದೆ, ಸ್ವಲ್ಪ ದೂರ ಮುಳ್ಳು ಅಲ್ಲಾಡುವುದಿಲ್ಲ. ಆ ಸಡಿಲವೇ ಪ್ಲೇ. ನನ್ನದರಲ್ಲಿ 0.3 ಮಿ.ಮೀ. ಇತ್ತು. ಕೈಯಲ್ಲಿ ಮಾಡುವಾಗ ಒಂದೇ ಕಡೆಯಿಂದ ಬಂದು ಅಳತೆ ಹಿಡಿಯುತ್ತೇವೆ ಅಲ್ವಾ, ಅದಕ್ಕೇ ಗೊತ್ತಾಗಲ್ಲ. ಟೇಬಲ್ ಸರಿಸುವ ಹಳೇ ಸ್ಕ್ರೂಗೇ ಮೋಟಾರ್ ಕೂರಿಸಿ ಅಲ್ಯೂಮಿನಿಯಂನಲ್ಲಿ 40 ಮಿ.ಮೀ. ವೃತ್ತ ಹೊಡೆದೆ. ಟೇಬಲ್ ದಿಕ್ಕು ಬದಲಿಸಿದ ನಾಲ್ಕೂ ಕಡೆ ಉಗುರಿಗೆ ಸಿಗುವಂಥ ಮೆಟ್ಟಿಲು. ಸಾಫ್ಟ್‌ವೇರ್‌ನಲ್ಲಿ ಸರಿಮಾಡಬಹುದು ಅನ್ನುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಕಟರ್ ಟೇಬಲ್ಲನ್ನು ತನ್ನ ಕಡೆ ಎಳೆದುಕೊಂಡರೆ ಸಾಫ್ಟ್‌ವೇರ್ ಹಿಡಿಯಲಾರದು.

ಅದಕ್ಕೆ ದುಡ್ಡು ಮೊದಲು ಬಾಲ್ ಸ್ಕ್ರೂಗೆ (ನಟ್ ಒಳಗೆ ಗುಂಡುಗಳು ಉರುಳುವ, ಪ್ಲೇ ತೀರಾ ಕಮ್ಮಿ ಇರುವ ಸ್ಕ್ರೂ) ಹಾಕಿ. ನಾನು ಹಾಕಿದ್ದು 1605, ಅಂದರೆ 16 ಮಿ.ಮೀ. ದಪ್ಪ, ಒಂದು ಸುತ್ತು ತಿರುಗಿದರೆ ಟೇಬಲ್ 5 ಮಿ.ಮೀ. ಸರಿಯುತ್ತದೆ. ವೈ (ಟೇಬಲ್ ಹಿಂದೆ ಮುಂದೆ ಸರಿಯುವ) ಕಡೆ ಜಾಗ ಕಮ್ಮಿ, ನಟ್ ಕೂರಲು ಟೇಬಲ್ ಕೆಳಗಿನ ಸ್ಯಾಡಲ್ ಸ್ವಲ್ಪ ಕೊರೆಯಬೇಕಾಯಿತು. ಸ್ಕ್ರೂ ತುದಿಯ ಬೇರಿಂಗ್‌ನಲ್ಲೂ ಪ್ಲೇ ಇರುತ್ತದೆ, ಅಲ್ಲಿ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ (ಸ್ಕ್ರೂ ಉದ್ದಕ್ಕೆ ಬೀಳುವ ಒತ್ತಡವನ್ನೂ ತಡೆಯುವುದು) ಜೋಡಿ ಹಾಕಿ ಬಿಗಿ ಮಾಡಿ.

ಜೆಡ್, ಅಂದರೆ ಕಟರ್ ಇರುವ ಮಷಿನ್ ತಲೆ ಮೇಲೆ ಕೆಳಗೆ ಹೋಗುವ ದಿಕ್ಕು, ಅದರ ಬಗ್ಗೆ ಮಾತ್ರ ತುಂಬಾ ಜೋಪಾನ. ಬಾಲ್ ಸ್ಕ್ರೂ ಭಾರಕ್ಕೆ ತಾನಾಗೇ ತಿರುಗುತ್ತದೆ. ಒಂದು ಸಂಜೆ ಕರೆಂಟ್ ಹೋಯಿತು. ಮೋಟಾರಿನ ಹಿಡಿತ ಬಿಟ್ಟು ತಲೆ ಸರ್ರನೆ ಜಾರಿತು. ಕಟರ್ ಜಾಬ್ (ಕೊರೆಯುತ್ತಿದ್ದ ತುಂಡು) ಮೇಲೆ ಬಿದ್ದು ತುದಿ ಮುರಿಯಿತು. ಕೈ ಅಲ್ಲಿದ್ದಿದ್ದರೆ? ಈಗ ಗ್ಯಾಸ್ ಸ್ಪ್ರಿಂಗ್ ಹಾಕಿದ್ದೇನೆ. ಬ್ರೇಕ್ ಇರುವ ಮೋಟಾರ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೋಟಾರ್‌ಗೆ ಬಂದರೆ, ಎಕ್ಸ್ (ಎಡ ಬಲ), ವೈಗೆ ನೆಮಾ 23 ಅಳತೆಯ ಸ್ಟೆಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಸಾಕು. ಜೆಡ್‌ಗೆ ಅದಕ್ಕಿಂತ ಜಾಸ್ತಿ ಟಾರ್ಕ್ (ತಿರುಗಿಸುವ ಬಲ) ಇರುವುದು ಬೇಕು. ಮೋಟಾರಿನ ಒಂದು ಸುತ್ತಿಗೆ 200 ಸ್ಟೆಪ್, ಡ್ರೈವರ್‌ನಲ್ಲಿ (ಮೋಟಾರನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್) 8 ಮೈಕ್ರೋಸ್ಟೆಪ್ ಇಟ್ಟರೆ, ಅಂದರೆ ಒಂದು ಸ್ಟೆಪ್ಪನ್ನು ಎಂಟು ಭಾಗ ಮಾಡಿದರೆ, 1600. ಅದನ್ನು ಸ್ಕ್ರೂ ಒಂದು ಸುತ್ತಿಗೆ ಸರಿಸುವ 5ರಿಂದ ಭಾಗಿಸಿ, ಮಿ.ಮೀ.ಗೆ 320 ಸ್ಟೆಪ್. ಸಾಫ್ಟ್‌ವೇರ್ ಅಂದರೆ ನನಗೆ ಲಿನಕ್ಸ್‌ಸಿಎನ್‌ಸಿ ಇಷ್ಟ, ಉಚಿತ. ಡ್ರೈವರ್‌ಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಲೋಹದ ಚೂರು ಬಿದ್ದರೆ ಸುಟ್ಟುಹೋಗುತ್ತವೆ.

ಇನ್ನೊಂದು ಮರೆತಿದ್ದೆ. ಮೋಟಾರ್ ಬ್ರ್ಯಾಕೆಟ್ಟು, ಬೇರಿಂಗ್ ಬ್ಲಾಕು ಎಲ್ಲ ಮಷಿನ್ ಬಿಚ್ಚುವ ಮುಂಚೆ ಅದರಲ್ಲೇ ಮಾಡಿಟ್ಟುಕೊಳ್ಳಿ. ನಾನು ಬಿಚ್ಚಿದ ಮೇಲೆ ಬೇರೆಯವರ ಮಷಿನ್‌ಗಾಗಿ ಎರಡು ವಾರ ಕಾದೆ. ಗೇಜ್ ಎಷ್ಟು ತೋರಿಸಿತು ಅಂತ ತಿಳಿಸಿ, ಸ್ಕ್ರೂ ಉದ್ದದ ಲೆಕ್ಕ ಒಟ್ಟಿಗೆ ಹಾಕೋಣ.