ಪ್ರಶ್ನೋತ್ತರ: ಅಟ್ಟದ ಕಿಂಡಿಯ ಚಳಿ

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೇ ಮನೆ ತೆಗೆದುಕೊಂಡು ಎರಡು ಚಳಿಗಾಲ ಕಳೆಯಿತು. ಬೆಡ್‌ರೂಮಿನ ಕ್ಲಾಸೆಟ್ ಒಳಗೆ ಅಟ್ಟಕ್ಕೆ ಹತ್ತುವ ಕಿಂಡಿ ಇದೆ. ಅದಕ್ಕೆ ಒಂದು ಹಲಗೆ ಸುಮ್ನೆ ಮುಚ್ಚಿಟ್ಟಿದ್ದಾರೆ. ಜನವರಿಯಲ್ಲಿ ಕ್ಲಾಸೆಟ್ ತೆಗೆದರೆ ಫ್ರಿಜ್ ತೆಗೆದ ಹಾಗೆ! ಹಲಗೆಯ ಮೇಲೆ ಫೈಬರ್‌ಗ್ಲಾಸ್ (ಹತ್ತಿಯಂಥ ಗಾಜಿನ ನಾರು) ಹಾಸಿದೆ, ಪ್ರಯೋಜನ ಆಗಲಿಲ್ಲ. ಈಗ ಕಿಂಡಿಯ ಸುತ್ತ ಕಂದು ಕಲೆ ಬೇರೆ. ಸೂರು ಸೋರುತ್ತಿದೆಯಾ?

ಉತ್ತರ: ಇಲ್ಲಿ ಇನ್ಸುಲೇಶನ್, ಅಂದರೆ ಮನೆಯ ಶಾಖ ಹೊರಗೆ ಹೋಗದಂತೆ ತಡೆಯುವ ಕೆಲಸವೇ ನನ್ನ ಹೊಟ್ಟೆಪಾಡು. ಸೂರಿನವರನ್ನು ಕರೆಯುವ ಮುಂಚೆ ಆ ಫೈಬರ್‌ಗ್ಲಾಸ್ ಎತ್ತಿ ನೋಡಿ. ಅಂಚಿನಲ್ಲಿ ಕಪ್ಪಗೆ ಧೂಳು ಕಟ್ಟಿದೆಯಾ? ಹಾಗಿದ್ದರೆ ಅದು ಫಿಲ್ಟರ್ ಕೆಲಸ ಮಾಡುತ್ತಿದೆ. ಫೈಬರ್‌ಗ್ಲಾಸ್ ಗಾಳಿ ತಡೆಯುವುದಿಲ್ಲ. ಚಳಿಯಲ್ಲಿ ಬರೀ ಸ್ವೆಟರ್ ಹಾಕಿಕೊಂಡು ಬೈಕ್ ಓಡಿಸಿದ ಹಾಗೆ.

ಚಳಿ ಒಳಗೆ ಬರುತ್ತಿದೆ ಅಂತ ಅನಿಸುತ್ತದೆ, ಆದರೆ ಹೆಚ್ಚಾಗಿ ನಿಮ್ಮ ಬಿಸಿ ಗಾಳಿಯೇ ಮೇಲೆ ಹೋಗುತ್ತಿರುತ್ತದೆ. ಸ್ನಾನದ ಹಬೆ, ಕುಕ್ಕರಿನ ಹಬೆ ಎಲ್ಲವೂ ಅದರ ಜೊತೆಗೇ. ಸೂರಿನಿಂದ ಕೆಳಗೆ ಇಣುಕುವ ಮೊಳೆಗಳ ತುದಿಯಲ್ಲಿ ಅದು ಬಿಳಿ ಹಿಮವಾಗಿ ಕೂರುತ್ತದೆ. ಬಿಸಿಲು ಬಂದ ದಿನ ಕರಗಿ ತೊಟ್ಟಿಕ್ಕುತ್ತದೆ. ಎಷ್ಟೋ ಸಲ ಕಂದು ಕಲೆ ಇದರದ್ದೇ. ಮಳೆ ಬಂದಾಗ ಕಲೆ ದೊಡ್ಡದಾದರೆ ಮಾತ್ರ ಸೂರನ್ನು ಅನುಮಾನಿಸಿ.

ಚಳಿ ಇರುವ ದಿನ ಬಟ್ಟೆಗಳನ್ನು ಪಕ್ಕಕ್ಕಿಟ್ಟು, ಫ್ಯಾನ್ ಎಲ್ಲ ಆರಿಸಿ, ಊದುಬತ್ತಿ ಹಚ್ಚಿ ಹಲಗೆಯ ಅಂಚಿಗೆ ಹಿಡಿಯಿರಿ. ಹೊಗೆ ಸರ್ರನೆ ಸಂದಿಗೆ ಎಳೆದುಕೊಂಡು ಹೋದ ಜಾಗವೇ ಸೋರಿಕೆ.

ಮೊದಲು ಗಾಳಿ ನಿಲ್ಲಿಸಿ, ಆಮೇಲೆ ಇನ್ಸುಲೇಶನ್. ಹಲಗೆ ಕೂರುವ ಪಟ್ಟಿಯ ಸುತ್ತ ರಬ್ಬರ್ ವೆದರ್‌ಸ್ಟ್ರಿಪ್ ಅಂಟಿಸಿ. ಅಗ್ಗದ ಸ್ಪಂಜ್ ಟೇಪ್ ಬೇಡ, ಬೇಗ ಚಪ್ಪಟೆಯಾಗುತ್ತದೆ. ಚೌಕಟ್ಟಿಗೂ ಸೀಲಿಂಗಿಗೂ ನಡುವಿನ ಬಿರುಕಿಗೆ ಕಾಕ್ (ಸಂದಿ ಮುಚ್ಚುವ ಪೇಸ್ಟ್) ತುಂಬಿ, ಇದನ್ನು ಎಲ್ಲರೂ ಮರೆಯುತ್ತಾರೆ. ಹಲಗೆ ರಬ್ಬರಿನ ಮೇಲೆ ಒತ್ತಿ ಕೂರಲು ಚಿಲಕ ಬೇಕೇಬೇಕು.

ಆಮೇಲೆ ಹಲಗೆಯ ಮೇಲ್ಭಾಗಕ್ಕೆ 2 ಇಂಚಿನ ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಬೋರ್ಡ್ ಮೂರು ಪದರ. ಶಾಖ ತಡೆಯುವ ಶಕ್ತಿಯ ಅಳತೆಗೆ ‘ಆರ್’ ಅನ್ನುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಇಂಚಿಗೆ ಆರ್-5 ಲೆಕ್ಕದಲ್ಲಿ ಆರ್-30 ಸಿಗುತ್ತದೆ. ಫೋಮ್‌ಗೆಂದೇ ಇರುವ ಅಂಟು ತನ್ನಿ, ಬೇರೆ ಕೆಲವು ಅಂಟು ಫೋಮನ್ನೇ ಕರಗಿಸುತ್ತವೆ. ಕಿಂಡಿ ಚಿಕ್ಕದು ಅಂತ ಉಡಾಫೆ ಬೇಡ. ನಾಲ್ಕೂವರೆ ಚದರ ಅಡಿಯ ಬರೀ ಹಲಗೆಯಿಂದ ಹೋಗುವ ಶಾಖ, ಆರ್-50 ಹಾಸಿದ ನೂರಕ್ಕೂ ಹೆಚ್ಚು ಚದರ ಅಡಿ ಅಟ್ಟದಿಂದ ಹೋಗುವಷ್ಟು. ಗಾಳಿಯ ಲೆಕ್ಕ ಬೇರೆ.

ಅಟ್ಟದಲ್ಲಿ ಮರದ ತೊಲೆಯ ಮೇಲೆ ಮಾತ್ರ ಕಾಲಿಡಿ. ನಮ್ಮೂರಿನ ಅಟ್ಟದಂತೆ ಅಲ್ಲ ಇದು, ಕೆಳಗಿರುವುದು ಡ್ರೈವಾಲ್, ಅಂದರೆ ತೆಳು ಜಿಪ್ಸಮ್ ಹಲಗೆ. ಕಾಲು ಬೆಡ್‌ರೂಮಿಗೆ ಇಳಿಯುತ್ತದೆ!

ಇನ್ನೊಬ್ಬರು: ನಮ್ಮದು ಎಳೆದರೆ ಇಳಿಯುವ ಏಣಿ. ಅದಕ್ಕೆ?

ಉತ್ತರ: ಏಣಿಗೆ ಫೋಮ್ ಅಂಟಿಸಿದರೆ ಮಡಚಲು ಬರುವುದಿಲ್ಲ. ಮೇಲಿನಿಂದ ಮುಚ್ಚುವ ಫೋಮ್ ಪೆಟ್ಟಿಗೆ ಮಾಡಿ, ಅಡಿಯ ಅಂಚಿಗೆ ರಬ್ಬರ್ ಹಾಕಿ. ಹೋಗುವಾಗ ತಲೆಯಿಂದ ಎತ್ತಿ ಪಕ್ಕಕ್ಕಿಡಿ. ಜಿಪ್ ಇರುವ ಟೆಂಟ್ ಕೂಡ ಸಿಗುತ್ತದೆ, ನನಗೆ ಅದು ಅಷ್ಟು ಇಷ್ಟವಿಲ್ಲ. ಅರ್ಧ ಜನ ಜಿಪ್ ಎಳೆಯುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಫೈಬರ್‌ಗ್ಲಾಸ್ ಎತ್ತಿದೆ, ಅಂಚೆಲ್ಲ ಇದ್ದಿಲಿನಂತೆ ಕಪ್ಪು. ಮೂಲೆಯಲ್ಲಿ ಹೊಳೆಯುವ ಕಂದು ಹರಳುಗಳೂ ಇವೆ, ಗುಡಿಸಲಾ?

ಉತ್ತರ: ಮುಟ್ಟಬೇಡಿ! ಹಿಂದೆ ಇನ್ಸುಲೇಶನ್ ಆಗಿ ಸುರಿಯುತ್ತಿದ್ದ ವರ್ಮಿಕ್ಯುಲೈಟ್ ಅನ್ನುವ ಖನಿಜ ಇರಬಹುದು. 1990ರಲ್ಲಿ ಮುಚ್ಚಿದ ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯ ವರ್ಮಿಕ್ಯುಲೈಟಿನಲ್ಲಿ ಆಸ್ಬೆಸ್ಟಾಸ್ (ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯವಾದ ಖನಿಜ ನಾರು) ಬೆರೆತಿತ್ತು. ಹಲಗೆ ಮುಚ್ಚಿ, ಆಸ್ಬೆಸ್ಟಾಸ್ ತಜ್ಞರನ್ನು ಕರೆಸಿ. ಅಲ್ಲಿಯವರೆಗೆ ಸಂದಿಗೆ ಕೆಳಗಿನಿಂದಲೇ ಟೇಪ್ ಹಾಕಿಡಿ.